ಹಲ್ಲಿನ ಡಾಕ್ಟರಬಾಯಿಯ ಸೀಸದ ಸೈನ್ಯ

ಹಗಲೆಲ್ಲ ಮಂದಿಯ ಬಾಯಿಯಲ್ಲಿ ಕೈಯಿಟ್ಟು, ಸಂಜೆಯಾದರೆ ಒಂದಂಗುಲದ ಸೈನಿಕರಿಗೆ ಪೇಟದ ಬಣ್ಣ ಹಚ್ಚುತ್ತ ಕೂತರೆ ಇಂಥ ಪ್ರಸಂಗಗಳು ನಡೆಯದೆ ಇನ್ನೇನು ನಡೆಯುತ್ತವೆ ಹೇಳಿ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಮೆಟ್ಟಿಲು ಹತ್ತಿ ಬಂದಿರುತ್ತದೆ.

ನಾನು ಚಿಕ್ಕೋಡಿಯಲ್ಲಿ ಹಲ್ಲಿನ ಡಾಕ್ಟರು. ಕೆಳಗೆ ದವಾಖಾನೆ, ನಡುವೆ ಮನೆ, ಮೇಲೆ ಒಂದು ಖೋಲಿ. ಆ ಖೋಲಿಯಲ್ಲಿ ಒಂದು ದೊಡ್ಡ ಮೇಜು, ಮೇಜಿನ ಮೇಲೆ ನನ್ನ ಸೈನ್ಯ. ಸೀಸ, ತವರ ಬೆರೆಸಿ ಎರಕ ಹೊಯ್ದ ಈ ಪುಟ್ಟ ಸೈನಿಕರು ಪರದೇಶದಿಂದ ಬಣ್ಣವಿಲ್ಲದೆ ಬರುತ್ತಾರೆ. ಯಾವ ಕಾಲದ, ಯಾವ ರಾಜ್ಯದ ಪಡೆ ಬೇಕೋ ನೋಡಿ ಆರಿಸಬೇಕು, ಬಣ್ಣ ಹಚ್ಚಬೇಕು, ಎರಡು ಪಡೆ ಎದುರುಬದುರು ನಿಲ್ಲಿಸಬೇಕು. ಆಮೇಲೆ ಟೇಪು ಹಿಡಿದು ಅಳೆದು ನಡೆಸುತ್ತ, ದಾಳ ಒಗೆಯುತ್ತ, ಹಳೆಯ ಕಾಲದ ಯುದ್ಧಗಳನ್ನು ಹೊಸದಾಗಿ ಆಡಬೇಕು. ಕಾಲೇಜಿನ ಹಾಸ್ಟೆಲ್ಲಿನಲ್ಲಿ ಗೆಳತಿಯೊಬ್ಬಳಿಂದ ಹತ್ತಿದ ಹುಚ್ಚು ಇದು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅನ್ನುತ್ತಾರೆ. ನನಗೆ ಮದುವೆಯೂ ಆಯಿತು, ಹುಚ್ಚೂ ಉಳಿಯಿತು.

ಈ ಹುಚ್ಚಿಗೆ ಒಬ್ಬರು ಖಾಯಂ ವೈರಿ ಇದ್ದಾರೆ. ಅವರು ನನ್ನ ಗಂಡನ ಅಣ್ಣ, ನಮ್ಮ ಭಾವ. ಜುಗೂಳದಲ್ಲಿ ಇರುತ್ತಾರೆ. ಹೊಳೆದಂಡೆಗೆ ಕಬ್ಬು, ಮೇಲಿನ ಹೊಲದಲ್ಲಿ ದ್ರಾಕ್ಷಿ. ಚಿಕ್ಕೋಡಿಯ ಈ ಮನೆ ಅಣ್ಣತಮ್ಮಂದಿರಿಬ್ಬರ ಹೆಸರಿನಲ್ಲಿರುವುದರಿಂದ, ಮೇಲಿನ ಖೋಲಿ ತಮ್ಮ ಒಣದ್ರಾಕ್ಷಿ ಡಬ್ಬಿ ಇಡಲು ಬೇಕು ಅನ್ನುವುದು ಅವರ ಹಟ. ಬಂದಾಗಲೆಲ್ಲ ಅದೇ ಮಾತು: "ಡಾಕ್ಟರಬಾಯಿ, ಆ ಗೊಂಬಿ ಎಲ್ಲಾ ಒಂದ ಚೀಲದಾಗ ತುಂಬಿ ಖೋಲಿ ಖಾಲಿ ಮಾಡು. ವಯಸ್ಸಿಗೆ ತಕ್ಕಂಗ ಇರಬೇಕವಾ."

ಖಾಲಿ ಮಾಡುವುದಿಲ್ಲ ಅನ್ನುವುದು ನನ್ನ ಹಟ. ಈ ಊರಿನ ಗಂಡಸರು ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ಇಸ್ಪೀಟು ಆಡುತ್ತಾರೆ. ಕಾಗದದ ರಾಜನನ್ನು ಮೇಜಿಗೆ ಬಡಿದು ಮೀಸೆ ತಿರುವುತ್ತಾರೆ. ಅವರಿಗೆ ಯಾರೂ ವಯಸ್ಸು ಕೇಳುವುದಿಲ್ಲ. ನನ್ನ ರಾಜ ಸೀಸದವನು ಅನ್ನುವುದೊಂದೇ ತಪ್ಪಾಯಿತೇ? ನಾನಂತೂ ಖೋಲಿ ಬಿಡುವವಳಲ್ಲ ಅಂತ ಅಂದೇ ತೀರ್ಮಾನ ಮಾಡಿಬಿಟ್ಟೆ.

ಕೈ ಎತ್ತಿದ ಈಟಿಯವ

ಯಾವುದೇ ದಂಡು ತರಿಸುವ ಮೊದಲು ಒಂದೆರಡು ಮಾದರಿ ತರಿಸಿ ನೋಡುವುದು ನನ್ನ ಪದ್ಧತಿ. ಒಮ್ಮೆ ಈಟಿ ಹಿಡಿದ ಕಾಲಾಳುಗಳ ಎರಡು ಮಾದರಿ ಬಂದಿದ್ದವು. ಒಬ್ಬ ಕೈಯನ್ನು ಪೂರ್ತಿ ಮೇಲೆತ್ತಿದ್ದ. ಇನ್ನೊಬ್ಬ ಈಟಿಯನ್ನು ಸೊಂಟದ ಮಟ್ಟಕ್ಕೆ ಹಿಡಿದು ಮುಂದೆ ಬಾಗಿದ್ದ. ಯಾರನ್ನು ಆರಿಸಲಿ ಅನ್ನುವ ಯೋಚನೆಯಲ್ಲಿ ಇಬ್ಬರನ್ನೂ ದವಾಖಾನೆಗೇ ತಂದು, ಇಕ್ಕಳ ಸಲಾಕೆಗಳ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದೆ.

ಕುರ್ಚಿಯಲ್ಲಿ ನಿಪ್ಪಾಣಿ ಕಡೆಯ ಹಿರಿಯರೊಬ್ಬರು ಇದ್ದರು. ಐವತ್ತು ವರ್ಷ ತಂಬಾಕು ಅಗಿದ ದವಡೆ. ಇಂಜಕ್ಷನ್ ಕೊಟ್ಟು, ಮರಗಟ್ಟಲಿ ಅಂತ ಕಾಯುತ್ತಿದ್ದೆ. ನನ್ನ ಕಣ್ಣು ಅವರ ಹಲ್ಲಿಗಿಂತ ಹೆಚ್ಚಾಗಿ ಸೈನಿಕರ ಮೇಲಿತ್ತು. ಹಿರಿಯರು ಅದನ್ನು ಗಮನಿಸಿದರು. ಬಾಯಿ ತುಂಬ ಹತ್ತಿ ಇದ್ದುದರಿಂದ ಮಾತಾಡಲಾಗದೆ, ಬೆರಳು ಮಾಡಿ ಎರಡನೆಯವನನ್ನು ತೋರಿಸಿದರು.

ಹಲ್ಲು ಕಿತ್ತು, ಉಗುಳಿಸಿದ ಮೇಲೆ ಕೇಳಿದೆ: "ಯಾಕ್ರಿ ಅಜ್ಜಾರ, ಮೊದಲನೇದಾಂವ ಯಾಕ ಬ್ಯಾಡ?"

ಸೊಟ್ಟಗಾದ ತುಟಿಯಲ್ಲೇ ಅಂದರು: "ಅಂವ ಯುದ್ಧಕ್ಕ ಹೊಂಟಿಲ್ರಿ. ಬಸ್ಸಿಗೆ ಕೈ ಮಾಡಾಕತ್ತಾನ."

ನನಗೆ ಛಲ ಬಂತು. ರೋಗಿ ಹೇಳಿದ ಸೈನಿಕನನ್ನು ತರಿಸಿದರೆ ನಾಳೆ ರೋಗಿ ಹೇಳಿದ ಹಲ್ಲನ್ನೇ ಕೀಳಬೇಕಾಗುತ್ತದೆ. ಕೈ ಎತ್ತಿದವನನ್ನೇ ಒಂದು ದಂಡು ಪೂರ್ತಿ ತರಿಸಿದೆ. ಕೆಂಪು ಪೇಟ, ಬಿಳಿ ಧೋತರ ಬಣ್ಣ ಹಚ್ಚಿ, ಮೇಜಿನ ಮೇಲಿನ ರಸ್ತೆಯ ಬದಿಗೆ ಸಾಲಾಗಿ ನಿಲ್ಲಿಸಿ ಹಿಂದೆ ಸರಿದು ನೋಡಿದರೆ, ನನ್ನ ಗತಿಯೇ, ಇಡೀ ಊರು ಬಸ್‌ಸ್ಟಾಪಿನಲ್ಲಿ ನಿಂತ ಹಾಗಿತ್ತು.

ಹಿರಿಯರು ಗಾಯ ತೋರಿಸಲು ಮತ್ತೆ ಬಂದರು. ಸೈನ್ಯ ನೋಡಲೇಬೇಕು ಅಂತ ಹಟ ಹಿಡಿದು ಮೇಲೆ ಹತ್ತಿದರು. ಬಹಳ ಹೊತ್ತು ಕೈ ಹಿಂದೆ ಕಟ್ಟಿಕೊಂಡು ನೋಡಿ ಕೊನೆಗೆ ಅಂದರು: "ಇಷ್ಟು ಮಂದಿಗೆ ಒಂದ ಗಾಡಿ ಸಾಲಂಗಿಲ್ರಿ ಡಾಕ್ಟರ. ಡಿಪೋಕ್ಕ ಹೇಳಿ ಇನ್ನೊಂದು ಬಿಡಸ್ರಿ."

ಬಳೆ ಅಂಗಡಿಯ ಸಲಹೆ

ಬಣ್ಣ ಆರಿಸುವುದು ಸೈನಿಕರನ್ನು ಆರಿಸುವುದಕ್ಕಿಂತ ತ್ರಾಸಿನ ಕೆಲಸ. ಕುದುರೆಯ ಮೈಯ ಹೊಳಪು ಮಾಮೂಲಿ ಬಣ್ಣದಲ್ಲಿ ಬರುವುದಿಲ್ಲ. ಉಗುರಿನ ಬಣ್ಣದಲ್ಲಿ ಬರುತ್ತದೆ ಅನ್ನುವುದನ್ನು ನಾನೇ ಕಂಡುಹಿಡಿದಿದ್ದೇನೆ. ಹಾಗಾಗಿ ಅಥಣಿಗೆ ಹೋದಾಗ ಬಳೆ ಅಂಗಡಿಗೆ ಹೊಕ್ಕು, ಇದ್ದಬದ್ದ ಕಂದು ಬಾಟಲಿಗಳನ್ನೆಲ್ಲ ಬೆಳಕಿಗೆ ಹಿಡಿದು ನೋಡುತ್ತಿದ್ದೆ.

ಅಂಗಡಿಯಾಕೆ ತಡೆಯಲಾರದೆ ಅಂದಳು: "ಅಕ್ಕಾರ, ಇದು ನಿಮ್ಮ ಕೈಗೆ ಒಪ್ಪಂಗಿಲ್ರಿ. ಗುಲಾಬಿ ತಗೋರಿ."

"ನನಗಲ್ಲವಾ. ಕುದುರಿಗೆ."

ಆಕೆ ನನ್ನನ್ನು ಮೇಲೆ ಕೆಳಗೆ ನೋಡಿದಳು. "ಎಷ್ಟು ಕುದುರಿ ಅದಾವ್ರಿ?"

"ಮೂವತ್ತು."

"ಮೂವತ್ತು ಕುದುರಿ, ನಾಕ್ನಾಕ ಕಾಲು. ಒಂದ ಬಾಟ್ಲಿ ಎಲ್ಲಿ ಸಾಲತೈತ್ರಿ," ಅನ್ನುತ್ತ ಆಕೆ ಗೊರಸಿನ ಲೆಕ್ಕ ಹಾಕಿ ಡಜನ್ ಬಾಟಲಿ ಕಟ್ಟತೊಡಗಿದಳು. ಬಿಡಿಸಿ ಹೇಳಲು ಹೋದರೆ ಇನ್ನಷ್ಟು ಹೊತ್ತು ಹೋಗುತ್ತದೆ ಅಂತ ನಾನು ಸುಮ್ಮನೆ ಚೀಲ ಚಾಚಿದೆ.

ಚೀಲ ಕೈಗೆ ಕೊಡುತ್ತ, ದನಿ ತಗ್ಗಿಸಿ ಕೇಳಿದಳು: "ಲಗ್ನ ಯಾರದ್ರಿ ಅಕ್ಕಾರ, ಕುದುರೀದೇನ್ರಿ?"

ಮಾಸ್ತರರ ಆನೆಗಳು

ಆಟಕ್ಕೆ ಎದುರಾಳಿ ಬೇಕಲ್ಲ. ನನಗೆ ಸಿಕ್ಕವರು ಕುಡಚಿಯ ಒಬ್ಬ ನಿವೃತ್ತ ಇತಿಹಾಸ ಮಾಸ್ತರರು. ಹಲ್ಲಿನ ಸೆಟ್ಟು ಹಾಕಿಸಿಕೊಳ್ಳಲು ಬಂದು, ಮೇಲಿನ ಖೋಲಿ ನೋಡಿ, ಸೆಟ್ಟು ಮರೆತು ಕೂತವರು. ಈಗ ಬಿಡುವಾದಾಗಲೆಲ್ಲ ಬಸ್ಸು ಹತ್ತಿ ಬರುತ್ತಾರೆ. ಬಿಜಾಪುರದ ಆದಿಲಶಾಹಿ ದಂಡು ನನ್ನದು. ವಿಜಯನಗರದ ದಂಡು ಅವರದು. ಈ ಆಯ್ಕೆ ನಾವು ಮೊದಲ ದಿನವೇ ಮಾಡಿಕೊಂಡದ್ದು, ಅದರಲ್ಲಿ ಯಾವ ಗುಟ್ಟೂ ಇಲ್ಲ.

ಒಂದು ಸಲ ನಾವು ಆಡುತ್ತಿರುವಾಗ ಊರಿನ ಒಬ್ಬ ಪುಢಾರಿ ಹಲ್ಲಿಗೆ ಹಾಕಿದ ಟೊಪ್ಪಿಗೆ, ಅಂದರೆ ಕ್ಯಾಪು, ಸಡಿಲಾಯಿತು ಅಂತ ನೇರ ಮೇಲೇ ಹತ್ತಿ ಬಂದರು. ಮೇಜನ್ನು ನೋಡಿದರು. ಮಾಸ್ತರರ ತಲೆಯ ಮೇಲಿನ ನಮಾಜಿನ ಬಿಳಿ ಟೊಪ್ಪಿಗೆ, ಗಡ್ಡ ನೋಡಿದರು. ನನ್ನ ಕುಂಕುಮ ನೋಡಿದರು. ಹುಬ್ಬು ಗಂಟಿಕ್ಕಿತು.

"ಇದು ಅದಲಿಬದಲಿ ಆಗೇತಲ್ರಿ. ಮಾಸ್ತರ ಆ ಕಡೆ ನಿಂದರಬೇಕು, ನೀವು ಈ ಕಡೆ ಬರಬೇಕು."

ನನಗೆ ಅಂಗಾಲಿನಿಂದ ನೆತ್ತಿಗೆ ಸಿಟ್ಟೇರಿತು. ಆ ಕಾಲದ ಎರಡೂ ದಂಡಿನಲ್ಲಿ ಎಲ್ಲ ಥರದ ಜನ ಇದ್ದರು, ಸಂಬಳ ಕೊಟ್ಟವರ ಕಡೆ ದುಡಿದರು, ಇದು ಯಾವ ಪುಸ್ತಕ ತೆರೆದರೂ ಸಿಗುತ್ತದೆ ಅಂತ ಬಾಯಿ ತೆರೆಯುವಷ್ಟರಲ್ಲಿ ಮಾಸ್ತರರು ಕೈ ಅಡ್ಡ ಮಾಡಿದರು.

"ನಾ ಆ ಕಡೆ ಹೋದ್ರ ಈ ಆನಿ ಯಾರ ಸಂಭಾಳಸ್ಬೇಕ್ರಿ ಸಾಹೇಬ್ರ? ನೋಡ್ರಿ, ಎಂಥ ಆನಿ! ಮೇಡಂ ಕಡೆ ಇಷ್ಟು ಇಲ್ಲ. ನನಗ ಸಣ್ಣಾಂವ ಇದ್ದಾಗಿಂದ ಆನಿ ಅಂದ್ರ ಜೀವ."

ಪುಢಾರಿ ನಕ್ಕರು. "ಬರೇ ಆನಿ ಸಲುವಾಗಿ ಪಾರ್ಟಿ ಬದಲಿ ಮಾಡಿದ್ರೇನ್ರಿ ಮಾಸ್ತರ?"

ಮಾಸ್ತರರು ಒಂದು ಆನೆಯನ್ನು ನಿಧಾನವಾಗಿ ಮುಂದೆ ಸರಿಸುತ್ತ ಅಂದರು: "ಹೌದ್ರಿ. ನಿಮಗ ಆನೀನೂ ಸಿಗಲಿಲ್ಲ, ಆದ್ರೂ ಮೂರ ಸಲ ಬದಲಿ ಮಾಡಿದ್ರಲ್ಲ."

ಆ ದಿನ ಸಡಿಲಾದ ಟೊಪ್ಪಿಗೆಯನ್ನು ಕೂಡಿಸಲು ನನಗೆ ಬಹಳ ಹೊತ್ತು ಹಿಡಿಯಿತು. ಬಾಯಿ ತೆರೆಯಿರಿ ಅಂದರೆ ಅವರು ತೆರೆಯಲೇ ಒಲ್ಲರು.

ಎರಡು ಡಜನ್ ಗಂಡಂದಿರು

ಒಮ್ಮೆ ಪರದೇಶದವರು "ಕೃಷ್ಣಾ ತೀರದ ಕಾಲಾಳು" ಅಂತ ಕಳಿಸಿದ ಸೈನಿಕ ಮೊಣಕಾಲುದ್ದ ಬೂಟು ಹಾಕಿದ್ದ. ನಾನು ಕೆಂಡವಾದೆ. ಮಳೆಗಾಲದಲ್ಲಿ ನಮ್ಮ ಎರೆಮಣ್ಣಿನಲ್ಲಿ ಆ ಬೂಟು ಹಾಕಿಕೊಂಡು ಎರಡು ಹೆಜ್ಜೆ ಇಟ್ಟು ತೋರಿಸಲಿ ನೋಡೋಣ. ಬೂಟು ಅಲ್ಲೇ ಉಳಿಯುತ್ತದೆ, ಸಿಪಾಯಿ ಬರಿಗಾಲಲ್ಲಿ ಮುಂದೆ ಹೋಗುತ್ತಾನೆ. ಇದನ್ನೇ ಅವರಿಗೆ ಖಾರವಾಗಿ ಬರೆದೆ. ಕಚ್ಚೆ ಹಾಕಿದ ಧೋತರ ಬೇಕು, ಹೆಗಲಿಗೆ ಕಂಬಳಿ ಬೇಕು, ಕಾಲಿಗೆ ನಮ್ಮ ಚಪ್ಪಲಿ ಬೇಕು. ಅವರು ಬಹಳ ವಿನಯದಿಂದ ಉತ್ತರ ಕೊಟ್ಟರು: ಸರಿಯಾದವನ ಫೋಟೋ ಕಳಿಸಿ, ಹಾಗೇ ಮಾಡಿಕೊಡುತ್ತೇವೆ.

ಸರಿಯಾದವನು ಅಂತ ಮನೆಯಲ್ಲಿ ಇದ್ದವನು ನನ್ನ ಗಂಡ ಒಬ್ಬನೇ. ಸಕ್ಕರೆ ಕಾರ್ಖಾನೆಯಲ್ಲಿ ಕುರ್ಚಿಯ ಕೆಲಸ, ತಕ್ಕಷ್ಟು ಹೊಟ್ಟೆ, ದಪ್ಪ ಕನ್ನಡಕ. ಬೇಡ ಬೇಡ ಅನ್ನುತ್ತಿದ್ದರೂ ಕಚ್ಚೆ ಹಾಕಿಸಿ, ಕಂಬಳಿ ಹೊದಿಸಿ, ಈಟಿಯ ಬದಲಿಗೆ ಪರದೆಯ ಕೋಲು, ಢಾಲಿನ ಬದಲಿಗೆ ಹಿಟ್ಟು ನಾದುವ ಪರಾತ ಕೊಟ್ಟು ಮಾಳಿಗೆಯ ಬಿಸಿಲಿಗೆ ನಿಲ್ಲಿಸಿದೆ. ಮುಂದಿನಿಂದ, ಹಿಂದಿನಿಂದ, ಎರಡೂ ಮಗ್ಗುಲಿನಿಂದ ಫೋಟೋ ತೆಗೆದೆ.

ಪಕ್ಕದ ಮಾಳಿಗೆಯಲ್ಲಿ ಹಪ್ಪಳ ಒಣಹಾಕುತ್ತಿದ್ದವರು ಕೇಳಿದರು: "ಏನ್ರಿ ಸಾಹೇಬ್ರ, ನಾಟಕಾ ಐತೇನ್ರಿ?"

ನನ್ನ ಗಂಡ ಪರಾತ ಇಳಿಸದೆ ಉತ್ತರ ಕೊಟ್ಟ: "ಇಲ್ರಿ. ಸಂಸಾರ."

ಕೆಲವು ತಿಂಗಳಾದ ಮೇಲೆ ಡಬ್ಬಿ ಬಂತು. ಎರಡು ಡಜನ್ ಸೈನಿಕರು. ಕಚ್ಚೆ ಸರಿ, ಕಂಬಳಿ ಸರಿ, ಚಪ್ಪಲಿಯ ಹೆಬ್ಬೆರಳ ಉಂಗುರ ಕೂಡ ಸರಿ. ಭಲೇ ಅಂದುಕೊಂಡು ಭೂತಗನ್ನಡಿ ಹಿಡಿದು ನೋಡಿದರೆ ಎಲ್ಲರಿಗೂ ಹೊಟ್ಟೆ ಇತ್ತು. ಎಲ್ಲರಿಗೂ ಕನ್ನಡಕ ಇತ್ತು. ಎಲ್ಲರ ಎಡಗೈಯಲ್ಲಿ, ಚೊಕ್ಕವಾಗಿ, ಗಡಿಯಾರ ಇತ್ತು. ಫೋಟೋದಲ್ಲಿ ಇದ್ದದ್ದನ್ನು ಒಂದೂ ಬಿಡದೆ ಕಡೆದಿದ್ದರು ಪುಣ್ಯಾತ್ಮರು.

ಮರಳಿ ಕಳಿಸು ಅಂದ ಗಂಡ. ನಾನೇಕೆ ಕಳಿಸಲಿ? ಬಣ್ಣ ಹಚ್ಚಿ ಮುಂದಿನ ಸಾಲಿನಲ್ಲೇ ನಿಲ್ಲಿಸಿದೆ. ಆದಿಲಶಾಹಿ ದಂಡಿನಲ್ಲಿ ಹೊತ್ತು ಗೊತ್ತಿದ್ದವರು ಅವರಷ್ಟೇ.

ಅತ್ತೆ ಮೊಣಕಾಲು ಹಿಡಿದುಕೊಂಡು ಮೇಲೆ ಬಂದು, ಸಾಲಿನಲ್ಲಿ ನಿಂತ ಮಗನನ್ನು ಈ ತುದಿಯಿಂದ ಆ ತುದಿಯ ತನಕ ನೋಡಿದರು. ನಿಟ್ಟುಸಿರು ಬಿಟ್ಟು ಅಂದರು: "ಒಬ್ಬನ್ನ ಸಾಕೂದ್ರಾಗ ನನಗ ಸಾಕಾಗಿತ್ತು. ನೀ ಏನ್ ಗಟ್ಟಿ ಹೆಂಗಸಬೇ."

ಹೋಗುವ ಗೊಂಬೆ, ಹೋಗದ ಗೊಂಬೆ

ಗೊಂಬೆ ಗೊಂಬೆ ಅಂತ ಭಾವ ಬಹಳ ಮೂದಲಿಸಿದ ಒಂದು ದಿನ, ಊಟದ ಹೊತ್ತಿನಲ್ಲಿ ನಾನೂ ಬಾಯಿ ಬಿಟ್ಟೆ.

"ಗೊಂಬಿ ಆಡದವರು ಈ ಮನ್ಯಾಗ ಯಾರದಾರ್ರಿ? ಮಣ್ಣೆತ್ತಿನ ಅಮಾಸಿಗೆ ಮಣ್ಣಿನ ಎತ್ತು ಮಾಡ್ತೀರಿ. ಆಷಾಢದಾಗ ಮಣ್ಣಿನ ಗುಳ್ಳವ್ವ. ಆಮ್ಯಾಲೆ ಗಣಪ್ಪ. ದೀಪಾವಳಿಗೆ ಬಾಗಲಾಗ ಸೆಗಣಿ ಪಾಂಡವರು. ಓಣಿ ಹುಡುಗೂರು ಮಣ್ಣಿನ ಕಿಲ್ಲಾ ಕಟ್ಟಿ ಸಿಪಾಯಿ ನಿಂದರಸ್ತಾರ, ಅದಕ್ಕ ನೀವ ಹೋಗಿ ಬಹುಮಾನ ಕೊಡ್ತೀರಿ. ವರ್ಷಪೂರ್ತಿ ನಿಮ್ಮದ ಗೊಂಬಿ. ನನ್ನವು ಬೊಟ್ಟಿನಷ್ಟ ಅದಾವ, ಅವಷ್ಟ ಕಣ್ಣಿಗೆ ಚುಚ್ಚತಾವೇನು?"

ಭಾವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಗಂಡ ಗಡಿಯಾರ ನೋಡಿಕೊಂಡ. ಗೆದ್ದೆ ಅಂದುಕೊಂಡೆ.

ಅತ್ತೆ ಪಲ್ಲೆ ಬಡಿಸುತ್ತ, ಯಾರ ಮುಖವನ್ನೂ ನೋಡದೆ ಅಂದರು: "ಹೌದವಾ, ಎಲ್ಲಾ ಗೊಂಬೀನ. ಆದ್ರ ನಮ್ಮವು ಒಂದೆರಡ ದಿನ ಇದ್ದು ಹೋಗ್ತಾವ. ನಿನ್ನವು ಬರೇ ಬರ್ತಾವ."

ಎತ್ತಿನ ಹಲ್ಲು

ಆ ಮಾತಿನಿಂದ ಬಲ ಬಂದ ಭಾವ, ಮುಂದಿನ ವಾರ ಟೇಪು ಹಿಡಿದೇ ಬಂದರು. ಎಷ್ಟು ಡಬ್ಬಿ ಹಿಡಿಯುತ್ತವೆ ಅಂತ ಖೋಲಿ ಅಳೆಯಬೇಕಿತ್ತು. ನಾನು ಬಾಗಿಲಲ್ಲಿ ಕೈಕಟ್ಟಿ ನಿಂತೆ. ಅವರು ಗೋಡೆಯಿಂದ ಗೋಡೆಗೆ ಅಳೆಯುತ್ತ ಮೇಜಿನ ಹತ್ತಿರ ಬಂದರು. ಅಲ್ಲಿ ನನ್ನ ತೋಪುಗಳಿದ್ದವು, ತೋಪಿನ ಮುಂದೆ ಎಳೆಯುವ ಎತ್ತಿನ ಜೋಡಿಗಳಿದ್ದವು. ಆ ಕಾಲದ ದೊಡ್ಡ ತೋಪು ಎಳೆದದ್ದು ಎತ್ತುಗಳೇ.

ಭಾವನ ಟೇಪು ಸರ್ರಂತ ಒಳಗೆ ಹೋಯಿತು.

"ಇವೇನಿವು?"

"ಎತ್ತು."

"ಎತ್ತು?" ಅವರ ದನಿಯೇ ಬದಲಾಯಿತು. "ಡುಬ್ಬ ಎಲ್ಲೈತಿ? ಡುಬ್ಬ ಇಲ್ಲದ್ದಕ್ಕ ಎತ್ತು ಅಂತಾರೇನು? ನೊಗ ಎಲ್ಲಿ ನಿಂದರತೈತಿ? ಯಾವ ಹುಚ್ಚ ಆರಿಸಿ ತಂದಾನಿವನ್ನ?"

ಹುಚ್ಚ ಅಲ್ಲ, ಹುಚ್ಚಿ. ಆರಿಸಿದವಳು ನಾನೇ. ಪರದೇಶದ ಎತ್ತಿಗೆ ಹೆಗಲ ಮೇಲೆ ಡುಬ್ಬ ಇರುವುದಿಲ್ಲ ಅನ್ನುವುದು ನನ್ನ ತಲೆಗೇ ಹೊಳೆದಿರಲಿಲ್ಲ. ಭಾವ ಮಾತ್ರ ಜೋಡೆತ್ತಿನ ಶರ್ಯತ್ತು ಎಲ್ಲಿದ್ದರೂ ಬಿಡದೆ ಹೋಗುವವರು. ಖೋಲಿ ಅಳೆಯುವುದನ್ನು ಅಲ್ಲಿಗೇ ಬಿಟ್ಟು, "ಇಂಥವನ್ನ ನಮ್ಮ ಮನ್ಯಾಗ ಇಡಬ್ಯಾಡ, ಮಂದಿ ನಗತಾರ," ಅಂತ ಅಂದು ಇಳಿದು ಹೋದರು.

ನಾನು ಬೇರೆ ಬೇರೆ ಕಡೆಯಿಂದ ಡುಬ್ಬ ಇರುವ ಎತ್ತಿನ ಮಾದರಿ ತರಿಸಿದೆ. ಸುದ್ದಿ ಹೇಗೆ ಮುಟ್ಟಿತೋ, ಭಾವ ತಾವಾಗಿ ಬಂದರು. ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತು ಒಂದೊಂದೇ ಎತ್ತನ್ನು ಅಂಗೈ ಮೇಲೆ ನಿಲ್ಲಿಸಿಕೊಂಡರು. ಇದರ ಕೋಡು ಸೊಟ್ಟ, ಅದರ ಬಾಲ ಗಿಡ್ಡ, ಇದು ಹಾಯುವ ಜಾತಿಯದು, ಅದಕ್ಕೆ ಮುಂಗಾಲಿನಲ್ಲಿ ಬಲ ಇಲ್ಲ ಅಂತ ತೆಗೆದು ಬದಿಗಿಟ್ಟರು. ಕೊನೆಗೆ ಒಂದು ಮನಸ್ಸಿಗೆ ಬಂತು. ಅದನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಹೆಬ್ಬೆರಳ ಉಗುರಿನಿಂದ ಅದರ ಮೂತಿಯನ್ನು ಗೀರತೊಡಗಿದರು.

"ಏನ್ ಮಾಡಾಕತ್ತೀರಿ?"

"ಹಲ್ಲ ನೋಡಬೇಕಲ. ಹಲ್ಲ ನೋಡಲಾರದ ಎತ್ತು ಯಾರರ ತಗೋತಾರೇನು?" ಮತ್ತೆ ಗೀರಿದರು. ಮುಖ ಕೆಂಪಾಯಿತು. "ಬಾಯೇ ಇಲ್ಲಲ್ಲ ಇದಕ! ಬಾಯಿಲ್ಲದ್ದನ್ನ ನಿನಗ ಗಂಟ ಹಾಕ್ಯಾರವಾ. ಮೋಸ!"

ಇಷ್ಟು ದಿನ ಸಹಿಸಿದ್ದೆ. ಇದು ಮಾತ್ರ ನನ್ನ ವೃತ್ತಿಯ ಪ್ರಶ್ನೆ. ಎತ್ತನ್ನು ಕೆಳಗೆ ದವಾಖಾನೆಗೆ ಒಯ್ದೆ. ಬೆನ್ನಿಗೆ ಭಾವ ಬಂದರು. ಅದನ್ನು ಇಕ್ಕಳದಲ್ಲಿ ಬಿಗಿದು, ದೀಪ ಹಾಕಿ, ಎಲ್ಲಕ್ಕಿಂತ ಸಣ್ಣ ಡ್ರಿಲ್ಲು ಹಚ್ಚಿ ಅದಕ್ಕೆ ಬಾಯಿ ಕೊರೆದೆ. "ಎಷ್ಟು ಹಲ್ಲು ಇಡಲಿ?"

ಭಾವ ಗಂಭೀರವಾಗಿ ಯೋಚಿಸಿದರು. "ನಾಕ ಹಲ್ಲಿಂದ ಮಾಡು. ಎರಡ ಹಲ್ಲಿಂದು ಎಳೀದು, ತೋಪಿಗೆ ತಡ್ಯಂಗಿಲ್ಲ. ಎಲ್ಲಾ ಹಲ್ಲ ಬಂದು ಬಾಯಿಗೂಡಿದ್ದು ಮುದಿ ಆಕ್ಕೈತಿ."

ನಾಲ್ಕು ಹಲ್ಲು ಇಟ್ಟೆ. ಹಾಗೇ ಎಲ್ಲ ಜೋಡಿಗೂ ಇಟ್ಟೆ. ಭಾವ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ತಲೆದೂಗಿದರು. ಕೈಯಲ್ಲಿ ಮೈ ಸವರಿದರು. ಅಬ್ಬಾ, ಮನಸ್ಸು ಕರಗಿತು, ಖೋಲಿ ಉಳಿಯಿತು ಅಂತ ನಾನು ಉಸಿರು ಬಿಟ್ಟೆ.

ಬಾಗಿಲು ದಾಟುತ್ತ ಭಾವ ತಿರುಗಿ ನೋಡಿ ಅಂದರು: "ಎತ್ತು ನಂಬರ್ ಒನ್ ಆದ್ವು. ಡಬ್ಬಿ ತರೂ ಮುಂದ ಅವನ್ನ ಮೆತ್ತಗ ಅರಿವ್ಯಾಗ ಸುತ್ತಿ ಇಡು."

ಖೋಲಿಗಾಗಿ ಯುದ್ಧ

ಡಬ್ಬಿ ತರುವ ದಿನ ಬಂದೇ ಬಂತು. ಭಾವನ ಟ್ರ್ಯಾಕ್ಟರು ಬಾಗಿಲಿಗೆ ಬಂದು ನಿಂತಿತು. ಆ ದಿನ ದವಾಖಾನೆಗೆ ಸೂಟಿ, ಕುಡಚಿಯ ಮಾಸ್ತರರೂ ಬಂದಿದ್ದರು. ನಾನು ಮೆಟ್ಟಿಲಿನ ನಡುವೆ ಕೂತುಬಿಟ್ಟೆ.

"ಏಳವಾ, ದಾರಿ ಬಿಡು," ಅಂದರು ಭಾವ.

"ಬಿಡಂಗಿಲ್ರಿ. ನಾನೂ ಈ ಮನ್ಯಾಗ ದುಡದೀನಿ. ದಿನಾ ಹತ್ತ ಮಂದಿ ಬಾಯಿ ವಾಸನಿ ಕುಡದ ಮ್ಯಾಲೆ ನನಗಂತ ಉಳಿಯೂದು ಅದೊಂದ ಮೇಜು. ಆ ಮೇಜು ಹೋದ್ರ ನಾ ಬರೇ ಇಕ್ಕಳ ಹಿಡದಾಕಿ. ಕೊಡಂಗಿಲ್ಲ."

ಇದು ತಮಾಷೆಯ ಮಾತಾಗಿರಲಿಲ್ಲ. ಭಾವನಿಗೂ ಹೆಂಗಸಿನ ಜೊತೆ ಮೆಟ್ಟಿಲಲ್ಲಿ ಜಗ್ಗಾಡುವುದು ಆಗದ ಮಾತು. ಅಣ್ಣನಿಗೂ ಹೆಂಡತಿಗೂ ನಡುವೆ ನಿಂತ ನನ್ನ ಗಂಡ ಗೋಡೆಯಲ್ಲಿ ಸೇರಿಹೋಗಲು ನೋಡುತ್ತಿದ್ದ.

"ಬೇಕಿದ್ರ ಆಡಿ ಗೆದ್ದು ತಗೋರಿ," ಅಂದೆ. "ನೀವು ಗೆದ್ರ ಇವತ್ತ ನಾನ ಡಬ್ಬಿ ಹೊರತೀನಿ. ನಾ ಗೆದ್ರ ಖೋಲಿ ಹೆಸರ ತಗೀಬಾರದು."

ಶರ್ಯತ್ತು ಅಂದರೆ ಭಾವ ಯಾವತ್ತೂ ಹಿಂದೆ ಸರಿದವರಲ್ಲ. ರುಮಾಲು ಬಿಗಿದುಕೊಂಡು ಮೇಲೆ ಹತ್ತಿದರು.

ಮಾಸ್ತರರು ಪಂಚರಾದರು. ಯಾರಿಗೆ ಯಾವ ಪಡೆ ಅಂತ ಆರಿಸುವ ಮೊದಲ ಹಕ್ಕು ಅತಿಥಿಯದು ಅಂದರು. ಭಾವ ಕುದುರೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಆನೆಯೂ ಬೇಡ ಅಂದರು. "ಎಲ್ಲಾ ತೋಪು ನನಗ. ಎಲ್ಲಾ ಎತ್ತು ನನಗ." ಅಷ್ಟೇ ಅವರ ಆಯ್ಕೆ.

ಗೊತ್ತಿದ್ದೋ ಗೊತ್ತಿಲ್ಲದೆಯೋ, ಅವರು ಆರಿಸಿದ್ದು ಗೆಲ್ಲುವ ಪಡೆಯನ್ನೇ. ಮೇಜಿನ ನಡುವೆ ಒಂದು ದಿಬ್ಬ ಇತ್ತು. ತೋಪುಗಳು ಗುಂಡು ಮುಟ್ಟದಷ್ಟು ದೂರ ಮೇಜಿನ ಅಂಚಿನಲ್ಲಿದ್ದವು, ಎತ್ತು ಬಿಚ್ಚಿ ಪಕ್ಕದಲ್ಲಿ ನಿಲ್ಲಿಸಿತ್ತು. ಹೂಡಿ ಎಳೆದು ದಿಬ್ಬ ಹತ್ತಿಸಿದರೆ ಮುಗಿಯಿತು, ಇಡೀ ಬಯಲು ಅವರ ಗುಂಡಿನ ಕೆಳಗೆ ಬರುತ್ತಿತ್ತು. ಮಾಸ್ತರರು ನನ್ನ ಕಿವಿಯಲ್ಲಿ ಅಂದರು: "ಮೇಡಂ, ತೋಪು ದಿಬ್ಬಾ ಏರಿದ್ರ ಖತಂ. ಡಬ್ಬಿ ಹೊರಾಕ ತಯಾರಾಗ್ರಿ."

ಮೊದಲ ಸರದಿ ಭಾವನದು. ನೊಗ ಹೂಡಿದ ಗುರುತಿಗೆ ಎತ್ತನ್ನು ತೋಪಿನ ಮುಂದೆ ಇಡಬೇಕು ಅಂತ ಮಾಸ್ತರರು ಹೇಳಿಕೊಟ್ಟರು. ಭಾವ ಒಂದು ಜೋಡಿಯನ್ನು ಎರಡು ಬೆರಳಲ್ಲಿ ಎತ್ತಿದರು. ಕೈ ಗಾಳಿಯಲ್ಲೇ ನಿಂತಿತು.

"ಇವತ್ತ ಏನ್ ವಾರ?"

"ಸೋಮವಾರ್ರಿ," ಅಂದರು ಮಾಸ್ತರರು.

ಭಾವ ಎತ್ತನ್ನು ಮೆಲ್ಲಗೆ ಮೊದಲಿದ್ದ ಜಾಗದಲ್ಲೇ ಇಟ್ಟರು.

"ಯಾಕ್ರಿ ಧಣಿ?"

"ಸೋಮಾರ ಎತ್ತು ಹೂಡಂಗಿಲ್ರಿ. ಬಸವಣ್ಣನ ವಾರ. ನಮ್ಮಪ್ಪ ಹೂಡಿಲ್ಲ, ನಮ್ಮಜ್ಜ ಹೂಡಿಲ್ಲ."

"ಅಯ್ಯೋ, ಇವು ಸೀಸದ ಎತ್ತು ಅಲೇನ್ರಿ!"

"ಯಾವುದಾದ್ರೇನ್ರಿ ಮಾಸ್ತರ, ಎತ್ತು ಎತ್ತ. ನಾನ ಕೈಯಾರೆ ಆರಿಸೀನಿ."

ಮಾಸ್ತರರು ನಿಯಮದ ಪುಸ್ತಕ ತಿರುವಿ ಹಾಕಿದರು. ಅದರಲ್ಲಿ ಮಳೆ ಬಂದರೆ ಏನು, ಕೆಸರಾದರೆ ಏನು, ಎಲ್ಲ ಇತ್ತು. ಸೋಮವಾರಕ್ಕೆ ಏನೂ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅತ್ತೆ ಅಷ್ಟೊತ್ತಿಗೆ ತೀರ್ಪು ಕೊಟ್ಟುಬಿಟ್ಟರು: "ಸೋಮಾರ ದಿನ ಎತ್ತಿನ ಹೆಗಲಿಗೆ ನೊಗ ಇಟ್ಟ ನೋಡ್ರಿ, ಈ ಮನ್ಯಾಗ ನಾ ನೀರ ಮುಟ್ಟಂಗಿಲ್ಲ."

ನನ್ನ ಸರದಿ ಬಂತು. ನನ್ನ ಕುದುರೆಗಳು ಬಯಲಿಗೆ ಇಳಿದವು. ಭಾವನ ಸರದಿ ಬಂತು. ಅವರು ಕೈಕಟ್ಟಿ ಕೂತರು. ಮತ್ತೆ ನನ್ನ ಸರದಿ. ಕುದುರೆಗಳು ದಿಬ್ಬ ಹತ್ತಿದವು. ಭಾವ ಈ ಸಲ ಎತ್ತುಗಳನ್ನು ಒಂದೊಂದಾಗಿ ಎತ್ತಿ, ಮೇಜಿನ ಮೂಲೆಯಲ್ಲಿದ್ದ ಕಾಗದದ ಮರದ ನೆರಳಿಗೆ ಒಯ್ದು ನಿಲ್ಲಿಸಿದರು. ಕುದುರೆ ಬಂದು ತುಳಿಯಬಾರದಲ್ಲ. ಅಲ್ಲಿ ನಿಲ್ಲಿಸಿದ ಮೇಲೆ ಅವರ ಮುಖದಲ್ಲಿ ಸೋಲಿನ ಗುರುತೇ ಇರಲಿಲ್ಲ. ನಾನು ತೋಪುಗಳನ್ನೆಲ್ಲ ಹಿಡಿದೆ. ಒಂದೇ ಒಂದು ಗುಂಡು ಹಾರಲಿಲ್ಲ.

ಭಾವ ಎದ್ದು ನಿಂತರು. "ಖೋಲಿ ನಿಂದು," ಅಂದರು. "ಡಬ್ಬಿ ಶೇಡಬಾಳದಾಗ ಬೀಗರ ಮನ್ಯಾಗ ಇಡತೀನಿ. ಸೋತೀನಿ, ಆದ್ರ ತಪ್ಪ ಮಾಡಿಲ್ಲ." ಎದೆ ಸೆಟೆಸಿಕೊಂಡೇ ಇಳಿದು ಹೋದರು.

ಸುಳ್ಳು ಯಾಕೆ ಹೇಳಲಿ, ಆ ಗಳಿಗೆಯಲ್ಲಿ ನನಗೆ ಗೆದ್ದ ಖುಷಿಗಿಂತ ಆ ಮನುಷ್ಯನ ಮೇಲೆ ಅಭಿಮಾನ ಹೆಚ್ಚು ಬಂತು. ನನ್ನಂಥದೇ ಹಟ, ಬೇರೆ ಮೈಯಲ್ಲಿ ಇತ್ತು ಅಷ್ಟೆ. ಗಂಡ ಮಾತ್ರ ನನ್ನನ್ನು ಓರೆಗಣ್ಣಿನಲ್ಲಿ ನೋಡಿ ಕೇಳಿದ: "ಸೋಮಾರ ಅಂತ ಗೊತ್ತಿದ್ದ ಮೆಟ್ಟಲದಾಗ ಕುಂತಿದ್ದೇನ?" ದವಾಖಾನೆಗೆ ಸೂಟಿ ಸೋಮವಾರ, ಡಬ್ಬಿ ತಂದವರು ಅವರು, ನನಗೇನು ಗೊತ್ತು ಅಂತ ಎಷ್ಟು ಹೇಳಿದರೂ ಅವನು ಇವತ್ತಿಗೂ ನಂಬಿಲ್ಲ. ನಂಬದಿದ್ದರೆ ಬಿಡಲಿ, ಸೇನಾಪತಿ ಅಂದಮೇಲೆ ಅಷ್ಟು ಹೆದರಿಕೆ ಇರುವುದು ಒಳ್ಳೆಯದೇ.

ಕೆಳಗೆ ಟ್ರ್ಯಾಕ್ಟರು ಸುರುವಾಯಿತು. ಸ್ವಲ್ಪ ದೂರ ಹೋಗಿ ನಿಂತಿತು. ಮತ್ತೆ ಮೆಟ್ಟಿಲಲ್ಲಿ ಚಪ್ಪಲಿಯ ಸದ್ದು. ಭಾವ ಬಾಗಿಲಲ್ಲೇ ನಿಂತು, ನನ್ನ ಮುಖ ನೋಡದೆ ಜಂತಿ ನೋಡುತ್ತ ಕೇಳಿದರು:

"ಆ ನಿನ್ನ ಪರದೇಶದಾಂವ ಕೋಣ ಮಾಡ್ತಾನೇನು?"

"ಮಾಡ್ತಾನ್ರಿ. ಯಾಕ?"

"ನಾಕ ಜೋಡಿ ತರಸು. ಕೋಣಕ್ಕ ಸೋಮಾರ ಇಲ್ಲ."